ಓಆರ್‌ಎಸ್ ಕೊಡಿ ಅಂತ ನೀವೇ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಆರೋಗ್ಯ ಸೇವೆ ಎಲ್ಲರಿಗೂ ಕೈಗೆಟಕುವಂತೆ ಮಾಡುವುದು ಹೇಗೆ, ರೋಗಿಗಳಿಗೆ ಹೆಚ್ಚು ಗುಣ ಸಿಗುವಂತೆ ಮಾಡುವುದು ಹೇಗೆ, ಈ ಬಗ್ಗೆ ಸಂಶೋಧನೆ ಏನು ಹೇಳುತ್ತದೆ, ಇಷ್ಟನ್ನೂ ಮಾತಾಡಿ ಎಂದು ಆಕಾಶವಾಣಿಯವರು ವಿಷಯ ಬರೆದು ಕಳಿಸಿದ್ದಾರೆ. ಇದನ್ನೆಲ್ಲ ಹೇಳುತ್ತಾ ಕೂತರೆ ನೀವು ರೇಡಿಯೋ ಆರಿಸಿ ಒಲೆ ಹತ್ತಿರ ಹೋಗುತ್ತೀರಿ. ಅದಕ್ಕೇ ನಾನು ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಮಗುವಿಗೆ ಭೇದಿ ಶುರುವಾದರೆ, ನೀವು ಡಾಕ್ಟರ ಹತ್ತಿರ ಹೋಗಿ, ಮೆಡಿಕಲ್ ಶಾಪಿಗೆ ಹೋಗಿ, ಎಲ್ಲಿಗಾದರೂ ಹೋಗಿ, "ಓಆರ್‌ಎಸ್ ಕೊಡಿ" ಎಂದು ಬಾಯಿಬಿಟ್ಟು ಕೇಳಿ. ಓಆರ್‌ಎಸ್ ಅಂದರೆ ನೀರಿಗೆ ಕಲಸಿ ಕುಡಿಸುವ ಉಪ್ಪು, ಗ್ಲೂಕೋಸಿನ ಪುಡಿ. ಅವರಾಗೇ ಕೊಡಲಿ ಎಂದು ಕಾಯಬೇಡಿ.

ಇದೇನು ಡಾಕ್ಟರೇ, ಔಷಧಿ ಯಾವುದು ಅಂತ ಹೇಳುವುದು ನಿಮ್ಮ ಕೆಲಸವಲ್ಲವೇ, ನಾವ್ಯಾಕೆ ಕೇಳಬೇಕು ಅನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಕರ್ನಾಟಕದಲ್ಲೇ ನಡೆದ ಒಂದು ಅಧ್ಯಯನದಲ್ಲಿದೆ.

ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ, ಖಾಸಗಿಯಾಗಿ ಚಿಕಿತ್ಸೆ ಕೊಡುವ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಹತ್ತಿರ ಸಂಶೋಧಕರು ವೇಷಧಾರಿಗಳನ್ನು ಕಳಿಸಿದರು. ಹೌದು, ವೇಷಧಾರಿಗಳೇ! ತರಬೇತಿ ಕೊಟ್ಟ ಗಂಡಸರು, ತಂದೆಯ ಪಾತ್ರ. "ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ ಆಗ್ತಿದೆ, ಏನಾದ್ರೂ ಕೊಡಿ" ಎಂದು ಕೇಳುವುದು. ಕೆಲವರು ಇಷ್ಟೇ ಹೇಳಿ ಸುಮ್ಮನಾದರು. ಕೆಲವರು ಮೊಬೈಲಿನಲ್ಲಿ ಓಆರ್‌ಎಸ್ ಪೊಟ್ಟಣದ ಫೋಟೋ ತೋರಿಸಿದರು. ಇನ್ನು ಕೆಲವರು ಆಂಟಿಬಯಾಟಿಕ್ ಫೋಟೋ ತೋರಿಸಿದರು. ಯಾರು ಏನು ಕೊಟ್ಟರು ಎಂದು ಲೆಕ್ಕ ಹಾಕಿದ್ದು ಆಮೇಲೆ. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ಓಆರ್‌ಎಸ್ ಗೊತ್ತಿಲ್ಲದ ಡಾಕ್ಟರು ನಮ್ಮಲ್ಲಿ ಇಲ್ಲ. ಆದರೂ ಎಷ್ಟೋ ಮಂದಿ ಅದನ್ನು ಬರೆಯುವುದಿಲ್ಲ, ಯಾಕೆ? ಅದರಲ್ಲಿ ಲಾಭ ಕಡಿಮೆ, ಅದಕ್ಕೇ ಎಂದು ನೀವು ಹೇಳುತ್ತೀರಿ. ಅಧ್ಯಯನದ ಪ್ರಕಾರ ಲಾಭದ ಆಸೆಯ ಪಾಲು ಬರೀ ಶೇಕಡಾ 5. ಅಂಗಡಿಯಲ್ಲಿ ಸ್ಟಾಕ್ ಇಲ್ಲದ್ದು ಶೇಕಡಾ 6. ದೊಡ್ಡ ಕಾರಣ, ಶೇಕಡಾ 42ರಷ್ಟು, ಏನು ಗೊತ್ತೇ? "ಈ ಜನಕ್ಕೆ ಓಆರ್‌ಎಸ್ ಬೇಡ" ಎಂದು ಕೊಡುವವರು ತಾವೇ ಅಂದುಕೊಂಡಿರುವುದು! ಬರೀ ಉಪ್ಪುಸಕ್ಕರೆ ಪುಡಿ ಕೊಟ್ಟರೆ ಇವನೆಂಥ ಡಾಕ್ಟರು ಅಂತಾರೆ ಅನ್ನುವ ಅಳುಕು. ಅದೇ ತಂದೆ ಪೊಟ್ಟಣದ ಫೋಟೋ ತೋರಿಸಿದಾಗ, ನೂರಕ್ಕೆ 27 ಮಂದಿ ಹೆಚ್ಚಾಗಿ ಅದನ್ನು ಕೊಟ್ಟರು. ಹೊಸ ಆಸ್ಪತ್ರೆ ಕಟ್ಟಲಿಲ್ಲ, ಹೊಸ ಮೆಷಿನ್ ತರಲಿಲ್ಲ. ಒಬ್ಬ ಅಪ್ಪ ಕೇಳಿದ, ಅಷ್ಟೇ. ಅದಕ್ಕೇ ಹೇಳಿದ್ದು, ಕೇಳಿ.

ಆ ಅಳುಕು ಸುಮ್ಮನೆ ಹುಟ್ಟಿದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಪಿಡಿಯಲ್ಲಿ ದಿನಾ ಕೇಳುವ ಮಾತಿದು: "ಸಾರ್, ಮಗು ಸುಸ್ತಾಗೈತೆ, ಒಂದ್ ಬಾಟ್ಲಿ ಗ್ಲೂಕೋಸ್ ಏರ್ಸಿಬಿಡಿ." ಅಮ್ಮಾ, ಮಗು ಚೆನ್ನಾಗಿ ಕುಡೀತಿದೆ, ಆ ಬಾಟ್ಲಿಯಲ್ಲಿ ಇರೋದನ್ನೇ ಬಾಯಲ್ಲಿ ಕೊಡಬಹುದು ಅಂದರೆ ಮುಖ ಸಪ್ಪೆ. ಜೊತೆಗೆ ಬಂದ ಅಜ್ಜಿ, "ನೀರು ಕುಡಿಸಿದ್ರೆ ಇನ್ನೂ ಜಾಸ್ತಿ ಹೋಗಲ್ವಾ?" ಅಂತಾರೆ. ಅಜ್ಜೀ, ನೀವು ಈಗ ಕೇಳುತ್ತಿದ್ದರೆ, ದಯವಿಟ್ಟು ಇಲ್ಲಿ ಗಮನ ಕೊಡಿ. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ. ಭೇದಿ ಇನ್ನೂ ಕೆಲವು ದಿನ ಆಗುತ್ತಲೇ ಇರಬಹುದು. ಮಗುವನ್ನು ಕೊಲ್ಲುವುದು ಭೇದಿಯಲ್ಲ, ಭೇದಿಯಲ್ಲಿ ಹೊರಟುಹೋಗುವ ನೀರು ಮತ್ತು ಉಪ್ಪು. ಹೋದದ್ದನ್ನು ಹೋದಹಾಗೇ ತುಂಬಿಸುವುದು ಓಆರ್‌ಎಸ್ ಕೆಲಸ. ಕರುಳಿನ ಗೋಡೆಯಲ್ಲಿ ಉಪ್ಪು ಮತ್ತು ಗ್ಲೂಕೋಸ್ ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ ಒಟ್ಟಿಗೇ ಒಳಗೆ ಹೋಗುತ್ತವೆ, ಹಿಂದೆಯೇ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಎಂಥ ಕಾಲರಾ ಬಂದರೂ ಈ ಜೋಡಿ ನಿಲ್ಲುವುದಿಲ್ಲ.

ಕಾಲರಾ ಅಂದೆ. ಈಗ ನನ್ನ ಮೆಚ್ಚಿನ ಕಥೆ ಹೇಳಲೇಬೇಕು. ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ, ಅವರು ಆಕಳಿಸಿದರೂ ಬಿಡುವುದಿಲ್ಲ.

1971. ಬಾಂಗ್ಲಾದೇಶದ ಯುದ್ಧ. ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮ ಕಡೆ ಬಂದರು. ಮಳೆ, ಕೆಸರು, ಗುಡಾರ, ಕುಡಿಯಲು ಸರಿಯಾದ ನೀರಿಲ್ಲ. ಕಾಲರಾ ಬಂತು. ಪಶ್ಚಿಮ ಬಂಗಾಳದ ಗಡಿಯಲ್ಲಿ ಬನಗಾಂವ್ ಅಂತ ಒಂದು ಊರು. ಅಲ್ಲಿನ ಆಸ್ಪತ್ರೆಗೆ ಜೂನ್ ಕೊನೆಯಲ್ಲಿ ಕಲ್ಕತ್ತೆಯಿಂದ ದಿಲೀಪ್ ಮಹಲನಬಿಸ್ ಅನ್ನುವ ಮಕ್ಕಳ ಡಾಕ್ಟರು ಬಂದರು. ಎರಡು ಕೋಣೆ ತುಂಬ ರೋಗಿಗಳು, ಎಲ್ಲರೂ ನೆಲದ ಮೇಲೆ. ಒಬ್ಬರಿಗೆ ಡ್ರಿಪ್ ಚುಚ್ಚಬೇಕಾದರೆ ಆ ವಾಂತಿ, ಆ ಮಲದ ನಡುವೆಯೇ ಮಂಡಿಯೂರಿ ಕೂರಬೇಕು. ಎರಡು ದಿನದೊಳಗೆ ಅವರಿಗೆ ಗೊತ್ತಾಗಿಹೋಯಿತು. ಸಲೈನ್ ಬಾಟಲಿ ಸಾಲದು. ಡ್ರಿಪ್ ಹಾಕಲು ಬರುವವರು ತಂಡದಲ್ಲಿ ಇಬ್ಬರೇ ಇಬ್ಬರು.

ಬಾಯಲ್ಲಿ ಕುಡಿಸುವ ದ್ರಾವಣ ಆಗಲೇ ಇತ್ತು. ಢಾಕಾದಲ್ಲಿ, ಕಲ್ಕತ್ತೆಯಲ್ಲಿ ಆಸ್ಪತ್ರೆಯೊಳಗೆ ಪರೀಕ್ಷೆ ಆಗಿತ್ತು. ಆದರೆ ಡಾಕ್ಟರು, ನರ್ಸು ಪಕ್ಕದಲ್ಲಿ ನಿಂತು ಅಳೆದು ಅಳೆದು ಕೊಟ್ಟರೆ ಮಾತ್ರ ಸರಿ, ಓದುಬರಹ ಇಲ್ಲದವರ ಕೈಗೆ ಕೊಡಲಾದೀತೇ ಅನ್ನುವ ಭಾವನೆ. ಮಹಲನಬಿಸ್ ಅವರಿಗೆ ಬೇರೆ ದಾರಿ ಇರಲಿಲ್ಲ. ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ. ಈ ಲೆಕ್ಕದಲ್ಲಿ ಕಲ್ಕತ್ತೆಯಲ್ಲಿ, ತಮ್ಮ ಸಂಶೋಧನಾ ಕೇಂದ್ರದ ಲೈಬ್ರರಿ ಕೋಣೆಯಲ್ಲಿ ಕೂತು ತೂಕ ಮಾಡಿಸಿದರು. ಪಾಲಿಥಿನ್ ಚೀಲಕ್ಕೆ ತುಂಬಿ, ಬಟ್ಟೆಗೆ ಇಸ್ತ್ರಿ ಹಾಕುವಂತೆ ಬಿಸಿ ಪೆಟ್ಟಿಗೆ ಒತ್ತಿ ಬಾಯಿ ಮುಚ್ಚಿದರು. ಬನಗಾಂವ್‌ನಲ್ಲಿ ಡ್ರಮ್ಮುಗಳಲ್ಲಿ ನೀರಿಗೆ ಕಲಸಿಟ್ಟರು. ಲೋಟ ಹಿಡಿದು ಬಂದವರು ಯಾರು? ರೋಗಿಯ ತಾಯಿ, ಅಣ್ಣ, ಗಂಡ. ತಾವೇ ಹಿಡಿದುಕೊಂಡು ಹೋಗಿ ಕುಡಿಸಿದರು. ಅವರಿಗೂ ಡ್ರಿಪ್ಪಿನ ಮೇಲೇ ನಂಬಿಕೆ, ನಮ್ಮವರ ಹಾಗೇ! ಅದಕ್ಕೆ ಮಹಲನಬಿಸ್ ಅದನ್ನು "ಬಾಯಿಯ ಸಲೈನ್" ಎಂದೇ ಕರೆದರು. ಸಲೈನ್ ಅಂದಮೇಲೆ ಸರಿ, ಜನ ಕುಡಿದರು.

ಮೊದಲು ಆ ಶಿಬಿರಗಳಲ್ಲಿ ನೂರಕ್ಕೆ ಮೂವತ್ತರಷ್ಟು ಕಾಲರಾ ರೋಗಿಗಳು ಸಾಯುತ್ತಿದ್ದರು. ಇವರ ಕೈಗೆ ಬಂದ ಮೂರು ಸಾವಿರದ ಏಳುನೂರರಷ್ಟು ಜನರಲ್ಲಿ ಸತ್ತವರು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ, ಲೆಕ್ಕಕ್ಕೆ ಶೇಕಡಾ 3.6.

ಇನ್ನೊಂದು ಸಂಗತಿ. ರೇಡಿಯೋದಲ್ಲಿ ಕೂತು ಇದನ್ನು ಹೇಳದೆ ಇರಲಾರೆ. ದ್ರಾವಣ ಮಾಡುವ ಬಗೆಯನ್ನು ಕರಪತ್ರದಲ್ಲಿ ಅಚ್ಚುಹಾಕಿಸಿ ಗಡಿಯುದ್ದಕ್ಕೂ ಹಂಚಿದರು. ಗಡಿಯಾಚೆಯವರಿಗಾಗಿ ಬಾಂಗ್ಲಾದ ಒಂದು ಗುಪ್ತ ರೇಡಿಯೋ ಕೇಂದ್ರದಿಂದ ಅದನ್ನು ಬಿತ್ತರಿಸಿದರು. ಯುದ್ಧದ ನಡುವೆ, ಕದ್ದು ನಡೆಸುವ ರೇಡಿಯೋದಲ್ಲಿ, ಇಷ್ಟು ಉಪ್ಪು, ಇಷ್ಟು ಗ್ಲೂಕೋಸ್ ಅಂತ! ಇಷ್ಟಾದರೂ ವೈದ್ಯಲೋಕ ಒಪ್ಪಲು ವರ್ಷಗಳು ಹಿಡಿದವು. 1978ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ, ಇದು ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಸಾಧನೆಯಾಗಬಹುದು ಎಂದು ಬರೆಯಿತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ. ನಮ್ಮ ದೇಶದ ಗಡಿಯಾರ ಹಾಗೆ, ಇರಲಿ.

ಕಥೆ ಉದ್ದವಾಯಿತು, ಗಾಜಿನಾಚೆ ಕೂತವರು ಕೈಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೇಳಿ ತಂದಿರಿ, ಕಲಸುವುದು ಹೇಗೆ? ದೊಡ್ಡ ಪೊಟ್ಟಣಕ್ಕೆ ಪೂರಾ ಒಂದು ಲೀಟರ್ ನೀರು, ಕುದಿಸಿ ಆರಿಸಿದ್ದು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಸುರಿಯುವುದು, ರುಚಿಗೆ ಇನ್ನೊಂದು ಚಮಚ ಸಕ್ಕರೆ ಹಾಕುವುದು, ಇವೆಲ್ಲ ಬೇಡವೇ ಬೇಡ. ಗಟ್ಟಿಯಾದರೆ ಭೇದಿ ಹೆಚ್ಚುತ್ತದೆ. ಕಲಸಿದ್ದು 24 ಗಂಟೆ ಇರುತ್ತದೆ, ಆಮೇಲೆ ಚೆಲ್ಲಿ. ಚಮಚದಲ್ಲಿ ಗುಟುಕು ಗುಟುಕಾಗಿ ಕೊಡಿ. ವಾಂತಿ ಮಾಡಿತೇ? ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನಕ್ಕೆ ಕೊಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ. ಎದೆಹಾಲು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ. ಗಂಜಿ, ಮಜ್ಜಿಗೆ ಅನ್ನ, ಏನು ತಿನ್ನುತ್ತದೋ ಅದು.

ಜೊತೆಗೆ ಝಿಂಕ್ ಮಾತ್ರೆ, 14 ದಿನ. ಭೇದಿ ನಿಂತಿತು ಅಂತ ಮೂರನೇ ದಿನಕ್ಕೇ ಬಿಡಬೇಡಿ. ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹತ್ತಿರವೂ ಪೊಟ್ಟಣ ಇರುತ್ತದೆ, ಅವರನ್ನೂ ಕೇಳಿ. ಭೇದಿ ನಿಲ್ಲಿಸುವ ಮಾತ್ರೆ ಸಣ್ಣ ಮಕ್ಕಳಿಗೆ ಬೇಡ. ಮಲದಲ್ಲಿ ರಕ್ತ, ಕಣ್ಣು ಗುಳಿ ಬಿದ್ದದ್ದು, ಮಗು ಏನೂ ಕುಡಿಯದೆ ಮಂಪರಾಗಿ ಬಿದ್ದಿರುವುದು, ಇಂಥದ್ದು ಕಂಡರೆ ಪೊಟ್ಟಣ ಕಲಸುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಡ್ರಿಪ್ ಇರುವುದೇ ಆ ಮಗುವಿಗೆ.

ಕೇಳುವಾಗ ಸರಿಯಾದದ್ದನ್ನೇ ಕೇಳಿ. ಓಆರ್‌ಎಸ್ ಅನ್ನುವ ಅಕ್ಷರ ಹಚ್ಚಿಕೊಂಡು ಬಣ್ಣಬಣ್ಣದ ಡಬ್ಬಿಯಲ್ಲಿ ಸಕ್ಕರೆ ಪಾನೀಯ ಮಾರುತ್ತಿದ್ದರು. ಹೈದರಾಬಾದಿನ ಮಕ್ಕಳ ಡಾಕ್ಟರು ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹಟ ಹಿಡಿದು ಇದರ ಮೇಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಅಕ್ಷರ ಇರಕೂಡದು ಎಂದು ಆದೇಶಿಸಿತು. ನೀವು ನೋಡಬೇಕಾದ್ದು ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ಅಂತ. ಒಂದು ಲೀಟರಿನ ಪುಡಿ ಇಪ್ಪತ್ತು ಗ್ರಾಮಿನ ಆಸುಪಾಸು ತೂಗುತ್ತದೆ, ಅದರಲ್ಲಿ ಗ್ಲೂಕೋಸ್ 13.5 ಗ್ರಾಂ.

ಇನ್ನು ಮೆಡಿಕಲ್ ಶಾಪಿನ ಯಜಮಾನರೇ, ನೀವೂ ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಪೊಟ್ಟಣದ ಡಬ್ಬಿ ಒಳಗಿನ ಶೆಲ್ಫಿನಲ್ಲಿದ್ದರೆ ತೆಗೆದು ಕೌಂಟರಿನ ಮೇಲಿಡಿ. ಮಗುವಿಗೆ ಭೇದಿ ಅಂತ ಬಂದವರು ಮಾತ್ರೆ ಕೇಳಿದರೂ ಮೊದಲು ಅದನ್ನು ಅವರ ಮುಂದಿಡಿ. ನಮಸ್ಕಾರ.