ಅರಿಕೇಸರಿಯ ಅನ್ನ, ಪಂಪನ ಕರ್ಣ

ನಮಸ್ಕಾರ. ‘ಆಸ್ಥಾನ ಕವಿ’ ಎಂದ ಕೂಡಲೇ ಮೂಗು ಮುರಿಯುವವರ ಜೊತೆ ಇಂದು ನನಗೆ ಒಂದು ಜಗಳವಿದೆ. ಅರಸನ ಅನ್ನ ಉಂಡವನು ಅರಸನನ್ನೇ ಹೊಗಳುತ್ತಾನೆ, ಅಂಥವನ ಮಾತಿಗೆ ಬೆಲೆ ಏನು ಎಂಬುದು ಅವರ ವಾದ. ಈ ವಾದವನ್ನು ಅವರು ಪಂಪನ ಮೇಲೂ ಹೂಡುತ್ತಾರೆ. ಹೂಡುವುದಕ್ಕೆ ಬೇಕಾದ ಸಾಕ್ಷ್ಯ ಅವರ ಕೈಯಲ್ಲಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅದನ್ನೆಲ್ಲ ಒಪ್ಪಿಕೊಂಡ ಮೇಲೂ ನನ್ನ ಮಾತು ನಿಲ್ಲುತ್ತದೆ ಎಂಬ ನಂಬಿಕೆ ನನಗಿದೆ.

ಕಾಲ ಹತ್ತನೆಯ ಶತಮಾನದ ಮೊದಲರ್ಧ. ಊರು ವೇಮುಲವಾಡ, ಇಂದು ಅದು ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿದೆ. ಅಲ್ಲಿ ಆಳುತ್ತಿದ್ದವನು ಚಾಲುಕ್ಯ ವಂಶದ ಇಮ್ಮಡಿ ಅರಿಕೇಸರಿ, ರಾಷ್ಟ್ರಕೂಟರ ಸಾಮಂತ. ಸಾಮಂತನೆಂದರೆ ಚಕ್ರವರ್ತಿ ಕರೆದಾಗ ಸೇನೆ ಕಟ್ಟಿಕೊಂಡು ಹೋಗಬೇಕಾದವನು, ಕೇಳಿದ್ದನ್ನು ಕೊಡಬೇಕಾದವನು. ಆದರೆ ಈ ಸಾಮಂತನಿಗೆ ಬೆನ್ನುಮೂಳೆ ಇತ್ತು. ರಾಷ್ಟ್ರಕೂಟ ಚಕ್ರವರ್ತಿ ನಾಲ್ಕನೆಯ ಗೋವಿಂದನನ್ನು ಪಂಪ ಗೊಜ್ಜಿಗ ಎಂದು ಕರೆಯುತ್ತಾನೆ. ಅವನ ಕೋಪಕ್ಕೆ ಹೆದರಿ ವಿಜಯಾದಿತ್ಯ ಎಂಬವನು ಬಂದು ಅರಿಕೇಸರಿಯ ಮರೆಹೊಕ್ಕ. ಅವನನ್ನು ಒಪ್ಪಿಸು ಎಂದು ಚಕ್ರವರ್ತಿ ಎರಗಿ ಬಂದರೂ ಅರಿಕೇಸರಿ ಶರಣು ಬಂದವನನ್ನು ಬಿಟ್ಟುಕೊಡಲಿಲ್ಲ. ಕಡೆಗೆ ಗೊಜ್ಜಿಗನೇ ಸಿಂಹಾಸನ ಕಳೆದುಕೊಂಡ, ಬದ್ದೆಗನಿಗೆ ಪಟ್ಟವಾಯಿತು. ಆ ಬದ್ದೆಗನನ್ನೇ ಇತಿಹಾಸದ ಪುಸ್ತಕಗಳು ಮೂರನೆಯ ಅಮೋಘವರ್ಷ ಎನ್ನುತ್ತವೆ. ಈ ಕಥೆಯನ್ನು ನಮಗೆ ಹೇಳಿದವನು ಪಂಪನೇ. ಹೊಗಳಿಕೆ ಇದೆ, ನಿಜ. ಆದರೆ ಹೊಗಳುವುದಕ್ಕೆ ತಕ್ಕ ಕೆಲಸವನ್ನು ಆ ಅರಸ ಮಾಡಿದ್ದ.

ಈಗ ಸಾಕ್ಷ್ಯಕ್ಕೆ ಬರುತ್ತೇನೆ. 902ರಲ್ಲಿ ಹುಟ್ಟಿದ ಪಂಪ ನಲವತ್ತರ ಆಸುಪಾಸಿನಲ್ಲಿ ಎರಡು ಕಾವ್ಯಗಳನ್ನು ಬರೆದ. 941ರ ‘ಆದಿಪುರಾಣ’ ಜಿನಧರ್ಮಕ್ಕೆ, ಮಹಾಭಾರತದ ಕಥೆ ಹೇಳುವ ‘ವಿಕ್ರಮಾರ್ಜುನ ವಿಜಯ’ ಅರಸನಿಗೆ. ಮೊದಲನೆಯದು ಮೂರು ತಿಂಗಳಲ್ಲಿ, ಎರಡನೆಯದು ಆರು ತಿಂಗಳಲ್ಲಿ ಮುಗಿಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಎರಡನೆಯದರಲ್ಲಿ ಅರಿಕೇಸರಿಯೇ ಅರ್ಜುನ. ಅರಸನ ಬಿರುದುಗಳಾದ ಗುಣಾರ್ಣವ, ಉದಾತ್ತನಾರಾಯಣ, ಸಾಮಂತಚೂಡಾಮಣಿ ಎಲ್ಲವೂ ಅರ್ಜುನನ ಹೆಸರುಗಳಾಗಿ ಕಾವ್ಯದ ಉದ್ದಕ್ಕೂ ಬರುತ್ತವೆ. ಪಾಂಡವರ ಮೂರನೆಯವನು ಬಿಲ್ಲೆತ್ತಿದಾಗಲೆಲ್ಲ ವೇಮುಲವಾಡದ ಅರಸನ ತೋಳಿಗೆ ಜಯಕಾರ. ಓದುವವರಿಗೆ ಇದು ಒಮ್ಮೊಮ್ಮೆ ಬೇಸರ ತರಿಸುತ್ತದೆ ಎಂದರೆ ನಾನು ವಾದಿಸುವುದಿಲ್ಲ.

ಆದರೆ ಹನ್ನೆರಡನೆಯ ಆಶ್ವಾಸಕ್ಕೆ, ಅಂದರೆ ಅಧ್ಯಾಯಕ್ಕೆ, ಬನ್ನಿ. ಅರ್ಜುನನ ಬಾಣಕ್ಕೆ ಕರ್ಣ ಬಿದ್ದಿದ್ದಾನೆ. ಕಾವ್ಯದ ನಾಯಕನಿಗೆ, ಅಂದರೆ ಅರಸನಿಗೆ, ಇದಕ್ಕಿಂತ ದೊಡ್ಡ ಗೆಲುವು ಇಲ್ಲ. ಹೊಗಳುಭಟ್ಟನಾಗಿದ್ದರೆ ಪಂಪ ಇಲ್ಲಿ ಗೆದ್ದವನಿಗೆ ಪದ್ಯದ ಮೇಲೆ ಪದ್ಯ ಸುರಿಯಬೇಕಿತ್ತು. ಅವನು ಬರೆದದ್ದು ಇದು:

“ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ.”

ಮಹಾಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ ಅಣ್ಣ, ಒಂದೇ ಮನಸ್ಸಿನಿಂದ ನೆನೆಯುವುದಾದರೆ ಕರ್ಣನನ್ನು ನೆನೆ. ಕರ್ಣನಿಗೆ ಸರಿಸಾಟಿ ಯಾರು ಎಂದು ಮುಂದೆ ಕೇಳುತ್ತಾನೆ. ಕರ್ಣನ ಸತ್ಯ, ಕರ್ಣನ ತ್ಯಾಗ ಎನ್ನುತ್ತಾ ಆ ಹೆಸರನ್ನು ಮಂತ್ರದ ಹಾಗೆ ಮತ್ತೆ ಮತ್ತೆ ಉಚ್ಚರಿಸುತ್ತಾನೆ. ಬೇರೆ ಯಾರನ್ನೂ ಎಂದರೆ ಅರ್ಜುನನನ್ನೂ. ಅರ್ಜುನ ಎಂದರೆ ಅರಿಕೇಸರಿ. ತನ್ನ ಹೆಸರಿನ ಕಾವ್ಯದಲ್ಲಿ, ತನ್ನ ಗೆಲುವಿನ ಗಳಿಗೆಯಲ್ಲಿ, ನನ್ನನ್ನು ಬಿಟ್ಟು ಸೋತವನನ್ನು ನೆನೆಯಿರಿ ಎಂದು ತನ್ನ ಕವಿಯೇ ಹೇಳುವುದನ್ನು ಆ ಅರಸ ಕೇಳಿಸಿಕೊಂಡ. ಹೀಗೆ ಕೇಳಿಸಿಕೊಳ್ಳಬಲ್ಲ ಎಷ್ಟು ಜನ ದೊರೆಗಳು ನಮ್ಮ ಚರಿತ್ರೆಯಲ್ಲಿದ್ದಾರೆ?

ಕರ್ಣನ ಮೇಲೆ ಪಂಪನಿಗೆ ಇಷ್ಟು ಪ್ರೀತಿ ಏಕೆ? ನನ್ನ ಉತ್ತರ ಒಂಬತ್ತನೆಯ ಆಶ್ವಾಸದಲ್ಲಿದೆ. ಕೃಷ್ಣ ಬಂದು, ನೀನು ಕುಂತಿಯ ಮಗ, ಪಾಂಡವರ ಹಿರಿಯಣ್ಣ, ರಾಜ್ಯ ನಿನ್ನದು ಎಂದು ಆಸೆ ತೋರಿಸುತ್ತಾನೆ. ಕರ್ಣ ಧರ್ಮಶಾಸ್ತ್ರ ಮಾತನಾಡುವುದಿಲ್ಲ, ಒಂದು ದಿನದ ಆಟವನ್ನು ನೆನಪಿಸಿಕೊಳ್ಳುತ್ತಾನೆ. “ನೆತ್ತಮನಾಡಿ ಭಾನುಮತಿ ಸೋಲ್ತೊಡೆ” ಎಂದು ಶುರುವಾಗುವ ಪದ್ಯ ಅದು. ದುರ್ಯೋಧನನ ಹೆಂಡತಿ ಭಾನುಮತಿ ಕರ್ಣನೊಡನೆ ಪಗಡೆ ಆಡಿ ಸೋತಿದ್ದಾಳೆ. ಪಣ ಕೊಡು ಎಂದು ಕರ್ಣ ಪೀಡಿಸುತ್ತಿದ್ದಾನೆ. ಆ ಎಳೆದಾಟದಲ್ಲಿ ಮುತ್ತಿನ ಹಾರ ಹರಿದು ಮುತ್ತುಗಳು ಚೆಲ್ಲಿಹೋಗುತ್ತವೆ. ಆಗ ದುರ್ಯೋಧನನ ಮನಸ್ಸಿನಲ್ಲಿ ಎಳ್ಳಷ್ಟೂ ಸಂಶಯವಿಲ್ಲ, ಕೋಪವಿಲ್ಲ. ಇವನ್ನು ಆಯ್ದುಕೊಡಲೇ ಎಂದಷ್ಟೇ ಕೇಳುತ್ತಾನೆ. ಅಂಥ ಅರಸನನ್ನು ಬಿಸುಟು ನಿಮ್ಮ ಕಡೆ ಸೇರಿದರೆ ನಾನು ಬೇಡನಲ್ಲವೇ ಎಂದು ಕರ್ಣ ಕೃಷ್ಣನನ್ನು ಕೇಳುತ್ತಾನೆ.

ನೆಲದ ಮೇಲೆ ಹರಡಿದ ಮುತ್ತುಗಳನ್ನು ಆಯಲು ಸಿದ್ಧನಾದ ಒಬ್ಬ ದೊರೆ! ಒಡೆಯ ಮತ್ತು ಅವನ ಅನ್ನ ಉಂಡವನ ನಡುವಿನ ಬಾಂಧವ್ಯವನ್ನು ಇಷ್ಟು ಹತ್ತಿರದಿಂದ ಬರೆಯಬೇಕಾದರೆ ಅದನ್ನು ಬಾಳಿ ಬಲ್ಲವನೇ ಆಗಿರಬೇಕು. ಪಂಪ ಸ್ವತಃ ಕತ್ತಿ ಹಿಡಿದವನು, ಒಬ್ಬ ಅರಸನ ಆಶ್ರಯದಲ್ಲಿ ಇದ್ದವನು. ಋಣ ಎಂದರೇನು, ಅದಕ್ಕೆ ಎಲ್ಲಿಯವರೆಗೆ ತಲೆಬಾಗಬೇಕು, ತಲೆಬಾಗಿಯೂ ದೊಡ್ಡವನಾಗಿ ಉಳಿಯುವುದು ಹೇಗೆ ಎಂಬ ಪ್ರಶ್ನೆಗಳು ಕರ್ಣನಂತೆ ಅವನವೂ ಆಗಿದ್ದವು. ಅರ್ಜುನನ ಹೊಗಳಿಕೆ ಅರಸನಿಗೆ ಸಲ್ಲಿಸಿದ ಕಾಣಿಕೆ. ಕರ್ಣನ ಪದ್ಯಗಳು ಅವನ ಸ್ವಂತದ ಮಾತು. ಇದು ನನ್ನ ಓದು. ಬೇರೆ ಓದು ಇರಬಹುದು, ಆದರೆ ಈ ಎರಡು ಪದ್ಯಗಳನ್ನು ದಾಟಿಕೊಂಡು ‘ಹೊಗಳುಭಟ್ಟ’ ಎನ್ನಲು ಯಾರಿಗೂ ದಾರಿ ಇಲ್ಲ.

ಅರಸ ಕೋಪಿಸಿಕೊಂಡನೇ? ಇಲ್ಲ. ಕಾವ್ಯ ಮುಗಿದ ಮೇಲೆ ಧರ್ಮವುರ ಎಂಬ ಅಗ್ರಹಾರವನ್ನು ಪಂಪನಿಗೆ ಕೊಟ್ಟ. ಇದಕ್ಕೆ ಕವಿಯ ಮಾತೊಂದೇ ಆಧಾರವಲ್ಲ. ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಹತ್ತಿರ ಬೊಮ್ಮಲಗುಟ್ಟ ಎಂಬ ಬಂಡೆಗುಡ್ಡವಿದೆ. ಅಲ್ಲಿ ಪಂಪನ ತಮ್ಮ ಜಿನವಲ್ಲಭ ಜಿನಬಿಂಬಗಳನ್ನು ಕಡೆಯಿಸಿ, ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಶಾಸನ ಹಾಕಿಸಿದ್ದಾನೆ. ಅಗ್ರಹಾರ ಕೊಟ್ಟ ಸಂಗತಿ ಅದರಲ್ಲಿದೆ. ಕೆರೆಯೊಂದನ್ನು ಕಟ್ಟಿಸಿ ಅದಕ್ಕೆ ಕವಿತಾಗುಣಾರ್ಣವ ಎಂದು ಅಣ್ಣನ ಬಿರುದನ್ನೇ ಇಟ್ಟ ಆ ತಮ್ಮನ ಅಭಿಮಾನ ನನಗೆ ಬಹಳ ಇಷ್ಟ. ಪಂಪನನ್ನು ಓದುವ ಕನ್ನಡಿಗರು ಬನವಾಸಿಗೆ ಹೋಗುತ್ತಾರೆ, ಹೋಗಲಿ. ಈ ಗುಡ್ಡಕ್ಕೂ ಹೋಗಬೇಕು. ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆಯುತ್ತೇನೆಂದ ಕವಿಗೆ ಅನ್ನ ಕೊಟ್ಟ ನೆಲ ಅದು.

ಇಷ್ಟು ಹೇಳಿದ ಮೇಲೆ ಪಂಪನ ಮೇಲೆ ನನಗಿರುವ ದೂರನ್ನೂ ಹೇಳಲೇಬೇಕು. ಅರಸ ನಾಯಕನಾದ್ದರಿಂದ ದ್ರೌಪದಿ ಈ ಕಾವ್ಯದಲ್ಲಿ ಅರ್ಜುನನೊಬ್ಬನ ಹೆಂಡತಿ. ಹಾಗಿದ್ದೂ ಅವಳನ್ನು ಜೂಜಿನಲ್ಲಿ ಸೋಲುವವನು ಧರ್ಮರಾಯ, ಅವಳ ಮುಡಿ ಕಟ್ಟುವವನು ಭೀಮ. ಹೊಲಿಗೆ ಬಿಟ್ಟಿರುವುದು ಯಾರಿಗಾದರೂ ಕಾಣುತ್ತದೆ. ಅದನ್ನಾದರೂ ಸಹಿಸಬಹುದು. ದುಶ್ಶಾಸನನನ್ನು ಕೊಂದ ಭೀಮ ಅವಳ ಮುಡಿಯನ್ನು ಕೈಯಲ್ಲಿ ಹಿಡಿದು, “ಇದುವೆ ಮಹಾಭಾರತಕ್ಕಾದಿಯಾಯ್ತು” ಎನ್ನುತ್ತಾನೆ. ಎಂಥ ಮಾತು! ಅಷ್ಟು ಬರೆದ ಅದೇ ಕವಿ ಹದಿನಾಲ್ಕನೆಯ ಆಶ್ವಾಸದಲ್ಲಿ ಹಸ್ತಿನಾವತಿಯ ಪಟ್ಟವನ್ನು ಅರ್ಜುನನಿಗೆ ಕಟ್ಟಿ, ಪಕ್ಕದಲ್ಲಿ ರಾಣಿಯಾಗಿ ಸುಭದ್ರೆಯನ್ನು ಕೂರಿಸುತ್ತಾನೆ. ಇಡೀ ಭಾರತಕ್ಕೆ ಮೊದಲಾದವಳಿಗೆ ಪಟ್ಟದ ದಿನ ಜಾಗವಿಲ್ಲ. ಕರ್ಣನಿಗಾಗಿ ಅರಸನ ಎದುರೇ ಅಷ್ಟು ದೊಡ್ಡ ಮಾತು ಆಡಿದವನು ಇಲ್ಲಿ ಏಕೆ ಸುಮ್ಮನಾದ? ಕಾವ್ಯದ ಈ ಕೊನೆಯನ್ನು ಸರಿ ಎನ್ನುವವರು ಯಾರಾದರೂ ಇದ್ದರೆ ಹನ್ನೆರಡು ಮತ್ತು ಹದಿನಾಲ್ಕನೆಯ ಆಶ್ವಾಸಗಳನ್ನು ಜೊತೆಗಿಟ್ಟು ಓದಿ, ನಿಮ್ಮ ವಾದವನ್ನು ನನಗೆ ಬರೆದು ಕಳುಹಿಸಿ.