ಪ್ರಯಾಣಕ್ಕೆ ಹೊಸ ಗ್ಯಾಜೆಟ್ ಯಾಕೆ? ಇರೋದರ ಮೇಲೆ ಬರೆದಿದ್ದನ್ನು ಓದಿ

ನಮಸ್ಕಾರ. ‘ಪ್ರವಾಸಕ್ಕೆ ಮುಂಚೆ ಈ ಹತ್ತು ಗ್ಯಾಜೆಟ್ ತಗೊಳ್ಳಿ, ದುಡ್ಡು ಉಳಿಸಿ’ ಅನ್ನುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಹತ್ತು ಸಾಮಾನು ಕೊಂಡು ದುಡ್ಡು ಉಳಿಸೋದು ಹೇಗೆ ಅನ್ನೋದು ನನ್ನ ತಲೆಗಂತೂ ಹೋಗಿಲ್ಲ. ಕೊರಳಿಗೆ ಹಾಕುವ ಫ್ಯಾನು, ಮಡಚುವ ಕೆಟಲ್ಲು, ಬ್ಯಾಟರಿ ಇರುವ ಸೂಟ್‌ಕೇಸು. ಆ ಸೂಟ್‌ಕೇಸಿನ ಬ್ಯಾಟರಿ ಬಿಚ್ಚಲು ಬರದಿದ್ದರೆ ಎಷ್ಟೋ ವಿಮಾನ ಕಂಪನಿಗಳು ಅದನ್ನು ಹತ್ತಿಸಿಕೊಳ್ಳುವುದೇ ಇಲ್ಲ! ನನ್ನ ಪ್ರಕಾರ ಪ್ರಯಾಣದಲ್ಲಿ ದುಡ್ಡು ಸೋರುವುದು ಸಾಮಾನು ಕಡಿಮೆಯಾಗಿ ಅಲ್ಲ. ಇರುವ ಸಾಮಾನಿನ ಮೇಲೆ, ಎದುರಿಗಿರುವ ಸ್ಕ್ರೀನಿನ ಮೇಲೆ ಏನು ಬರೆದಿದೆ ಅಂತ ನಾವು ಓದುವುದಿಲ್ಲ.

ನಿಮ್ಮ ಫೋನ್ ಚಾರ್ಜರನ್ನೇ ಒಮ್ಮೆ ತಿರುಗಿಸಿ ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ‘ಇನ್‌ಪುಟ್ 100–240 ವೋಲ್ಟ್’ ಅಂತ ಇರುತ್ತದೆ. ಇದ್ದರೆ ಅದು ಯಾವ ದೇಶದ ಕರೆಂಟಿಗೂ ಒಗ್ಗುತ್ತದೆ. ಪ್ಲಗ್ಗಿನ ಆಕಾರ ಬದಲಿಸುವ ಒಂದು ಸಣ್ಣ ಅಡಾಪ್ಟರ್ ಸಾಕು. ದುಬಾರಿ ವೋಲ್ಟೇಜ್ ಕನ್ವರ್ಟರ್ ಬೇಡವೇ ಬೇಡ. ಹೇರ್ ಡ್ರೈಯರ್ ಮಾತ್ರ ಬೇರೆ ಕಥೆ. ಅವುಗಳಲ್ಲಿ ಹೆಚ್ಚಿನವು ಒಂದೇ ವೋಲ್ಟೇಜಿಗೆ ಮಾಡಿದಂಥವು. ಸುಮ್ನೆ ಮನೆಯಲ್ಲೇ ಬಿಟ್ಟುಹೋಗಿ.

ಪವರ್ ಬ್ಯಾಂಕಿಗೂ ಇದೇ ಮಾತು. ಅದು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದಕ್ಕೆ ಅಂಗಡಿಯವರು ಎಂಎಎಚ್ (mAh) ಲೆಕ್ಕ ಹೇಳುತ್ತಾರೆ, ವಿಮಾನದವರು ಕೇಳುವುದು ವ್ಯಾಟ್-ಅವರ್ (Wh) ಲೆಕ್ಕ, ಅಂದರೆ ಒಳಗಿರುವ ಒಟ್ಟು ಶಕ್ತಿ. ಗಣಿತ ಸುಲಭ: ಎಂಎಎಚ್ ಅನ್ನು 3.7ರಿಂದ (ಅದು ಒಳಗಿನ ಬ್ಯಾಟರಿಯ ವೋಲ್ಟೇಜ್) ಗುಣಿಸಿ, 1000ದಿಂದ ಭಾಗಿಸಿ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್. ಸಾಮಾನ್ಯವಾಗಿ 100ರವರೆಗೆ ಮುಂಚೆ ಅನುಮತಿ ಕೇಳಬೇಕಿಲ್ಲ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಹಾಗಾಗಿ ‘30,000 ಎಂಎಎಚ್, ಭಾರಿ ರಿಯಾಯಿತಿ’ ಅಂತ ಕಂಡರೆ ಕೈ ಹಾಕುವ ಮುಂಚೆ ಲೆಕ್ಕ ಹಾಕಿ. ಅದು 111 ಆಗುತ್ತದೆ. ಮತ್ತೆ ಪವರ್ ಬ್ಯಾಂಕ್ ಇರಬೇಕಾದ್ದು ಕೈಚೀಲದಲ್ಲಿ. ಚೆಕ್-ಇನ್ ಬ್ಯಾಗಿನಲ್ಲಿ ಇಡುವ ಹಾಗೇ ಇಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಿ ಯಾರಾದರೂ ಆರಿಸಬಹುದು, ಕೆಳಗೆ ಸರಕಿನ ಜಾಗದಲ್ಲಿ ಯಾರಿದ್ದಾರೆ?

ಮ್ಯಾಪ್ ವಿಷಯಕ್ಕೆ ಬಂದರೆ, ಜಿಪಿಎಸ್‌ಗೆ ಇಂಟರ್‌ನೆಟ್ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೇಕಿಲ್ಲ. ಸುಮಾರು 20,200 ಕಿಲೋಮೀಟರ್ ಮೇಲಿರುವ ಉಪಗ್ರಹಗಳು ಸಿಗ್ನಲ್ ಕಳಿಸುತ್ತವೆ, ಫೋನ್ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಡೇಟಾ ಬೇಕಿರುವುದು ಮ್ಯಾಪಿನ ಚಿತ್ರಕ್ಕೆ. ಅದನ್ನು ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಒಂದು ಕೊರತೆ ಇದೆ: ಗೂಗಲ್ ಮ್ಯಾಪ್ಸ್ ಆಫ್‌ಲೈನ್‌ನಲ್ಲಿ ಕಾರಿನ ದಾರಿ ಹೇಳುತ್ತದೆ, ಬಸ್ಸು-ರೈಲಿನ ದಾರಿ ಹೇಳುವುದಿಲ್ಲ. ಅದಕ್ಕೆ ಹೊರಡುವ ಮುಂಚೆ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಂಡರೆ ಆಯಿತು.

ಇನ್ನು ಟಿಕೆಟ್. ಇನ್‌ಕಾಗ್ನಿಟೋದಲ್ಲಿ, ಅಂದರೆ ಹುಡುಕಿದ್ದನ್ನು ಬ್ರೌಸರ್ ನೆನಪಿಟ್ಟುಕೊಳ್ಳದ ಖಾಸಗಿ ಕಿಟಕಿಯಲ್ಲಿ, ಹುಡುಕಿದರೆ ಅಗ್ಗ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಅದಕ್ಕಿಂತ ಕೆಲಸಕ್ಕೆ ಬರುವುದು ಇದು: ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತಾರೆ. ಅಗ್ಗದ ಗುಂಪಿನಲ್ಲಿ ಮೂರೇ ಸೀಟು ಉಳಿದಿದ್ದು, ನೀವು ನಾಲ್ಕು ಜನರಿಗೆ ಒಟ್ಟಿಗೆ ಹುಡುಕಿದರೆ, ಎಷ್ಟೋ ಸಲ ನಾಲ್ಕೂ ಟಿಕೆಟ್ಟಿಗೆ ಜಾಸ್ತಿ ದರವೇ ಕಾಣಿಸುತ್ತದೆ. ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ನಾಲ್ವರಿಗೆ. ತಲಾ ದರ ಏರಿದರೆ ಬುಕಿಂಗ್ ಒಡೆದು ನೋಡಿ. ಚಿಕ್ಕ ಮಕ್ಕಳು ಜೊತೆಯಲ್ಲಿದ್ದರೆ ಮಾತ್ರ ಬೇಡ, ಒಂದೇ ಬುಕಿಂಗ್ ಇರಲಿ. ಹಾಗೇ ಎರಡು ಕಂಪನಿಗಳ ಟಿಕೆಟ್ ಬೇರೆ ಬೇರೆ ಕೊಂಡು ಮಧ್ಯೆ ವಿಮಾನ ಬದಲಿಸುವ ಜಾಣತನವನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದು ತಡವಾದರೆ ಎರಡನೆಯವರಿಗೆ ಅದರ ಗೊಡವೆಯೇ ಇರುವುದಿಲ್ಲ.

ಇ-ಸಿಮ್, ಅಂದರೆ ಕಾರ್ಡ್ ತೂರಿಸದೆ ಫೋನಿನಲ್ಲೇ ಡೌನ್‌ಲೋಡ್ ಮಾಡಿಕೊಳ್ಳುವ ಸಿಮ್, ಅದರ ಬಗ್ಗೆ ಒಂದೇ ಮಾತು. ಹಾಕಿಕೊಳ್ಳಿ, ಆದರೆ ಹಳೇ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಮಾಡಿದ ಮೇಲೆ, ಇಲ್ಲದಿದ್ದರೆ ಹೊರದೇಶದಲ್ಲಿ ಹಳೇ ಸಿಮ್ಮೇ ಡೇಟಾ ಎಳೆದು ಬಿಲ್ ಏರಿಸಬಹುದು.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯ. ಬೇರೆ ದೇಶದಲ್ಲಿ ಕಾರ್ಡ್ ಕೊಡುತ್ತೀರಿ. ಮಷೀನು ಎರಡು ಮೊತ್ತ ತೋರಿಸುತ್ತದೆ, ಒಂದು ಅಲ್ಲಿಯ ಹಣದಲ್ಲಿ, ಇನ್ನೊಂದು ನಿಮ್ಮ ದೇಶದ ಹಣದಲ್ಲಿ. ಕಣ್ಣು ತಾನಾಗಿ ಪರಿಚಯದ ಹಣದ ಕಡೆ ಹೋಗುತ್ತದೆ, ಅಲ್ವಾ? ಆಟ ಇರುವುದೇ ಅಲ್ಲಿ. ನಿಮ್ಮ ಹಣವನ್ನು ಆರಿಸಿದರೆ ಪರಿವರ್ತನೆಯ ದರ ನಿಮ್ಮ ಬ್ಯಾಂಕಿನದ್ದಲ್ಲ, ಆ ಮಷೀನಿನವರದ್ದು. ಅವರ ಲಾಭ ಆ ದರದೊಳಗೇ ಕೂತಿರುತ್ತದೆ. ‘ಕಮಿಷನ್ ಸೊನ್ನೆ’ ಅಂತ ಬರೆದಿದ್ದರೂ ಅಷ್ಟೇ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅಂತ ದೊಡ್ಡ ಹೆಸರಿದೆ. ನೀವು ಒತ್ತಬೇಕಾದ್ದು ಅಲ್ಲಿಯ ಹಣದ ಬಟನ್. ನಿಮ್ಮ ಬ್ಯಾಂಕೂ ವಿದೇಶಿ ಶುಲ್ಕ ಹಾಕಬಹುದು, ಆದರೆ ಈ ಕನ್ವರ್ಷನ್ ಒಪ್ಪಿಕೊಂಡರೂ ಆ ಶುಲ್ಕ ತಪ್ಪುತ್ತದೆ ಅಂತೇನಿಲ್ಲ. ಕೆಲವು ಸಲ ಎರಡೂ ಬೀಳುತ್ತವೆ.

ಎಟಿಎಂನಲ್ಲಿ ಇನ್ನೂ ಚಾಲಾಕಿತನ. ದರ ತೋರಿಸಿ ‘ಒಪ್ಪಿಗೆ’, ‘ನಿರಾಕರಣೆ’ ಅಂತ ಎರಡು ಬಟನ್ ಇಡುತ್ತಾರೆ. ನಿರಾಕರಿಸಿದರೆ ದುಡ್ಡೇ ಬರುವುದಿಲ್ಲವೇನೋ ಅಂತ ಭಯ. ನಿರಾಕರಿಸುತ್ತಿರುವುದು ಅವರ ದರವನ್ನು ಮಾತ್ರ, ಸಾಮಾನ್ಯವಾಗಿ ನೋಟು ಬಂದೇ ಬರುತ್ತದೆ. ಧೈರ್ಯವಾಗಿ ಒತ್ತಿ.

ಅಂಗಡಿಯಲ್ಲಿ ಕೆಲವರು ನಿಮ್ಮನ್ನು ಕೇಳದೇ ತಾವೇ ಬಟನ್ ಒತ್ತಿಬಿಡುತ್ತಾರೆ. ಅದಕ್ಕೇ ರಸೀದಿ ಕೈಗೆ ಬಂದ ತಕ್ಷಣ ಯಾವ ಹಣದಲ್ಲಿದೆ ಅಂತ ನೋಡಿ. ನಿಮ್ಮ ದೇಶದ ಹಣ ಕಂಡರೆ ಅಲ್ಲೇ ರದ್ದು ಮಾಡಿಸಿ, ಮತ್ತೆ ಕಾರ್ಡ್ ಹಾಕಿಸಿ. ಕೌಂಟರ್ ಬಿಟ್ಟು ಹೊರಗೆ ಬಂದ ಮೇಲೆ ಅದನ್ನು ಸರಿ ಮಾಡಿಸಲು ಬ್ಯಾಂಕಿಗೆ ಪತ್ರ ಬರೆಯುತ್ತಾ ಕೂರಬೇಕಾಗುತ್ತದೆ.