ಜ್ಯೂರಿಗೂ ಮೊದಲೇ ಮುಗಿಯುವ ಕೇಸು

ಕೇಳುಗರೆಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ದುಡಿಯುವ ಕನ್ನಡಿಗರಿಗೆ ಇವತ್ತು ಒಂದೇ ಮಾತು ಹೇಳಬೇಕು. ಕಾಗದ ಇಟ್ಟುಕೊಳ್ಳಿ.

ಬಣ್ಣ, ಧರ್ಮ, ಹುಟ್ಟಿದ ದೇಶ ನೋಡಿ ನಿಮ್ಮನ್ನು ಕೆಲಸದಿಂದ ತೆಗೆದರು, ಇಲ್ಲವೇ ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಂಡರು ಅಂತಿಟ್ಟುಕೊಳ್ಳಿ. 1964ರ ಸಿವಿಲ್ ರೈಟ್ಸ್ ಕಾಯ್ದೆ ನಿಮ್ಮ ಪರ ಇದೆ. ಫೆಡರಲ್ ಕೋರ್ಟಿಗೆ ಹೋಗುತ್ತೀರಿ. ಆದರೆ ಜ್ಯೂರಿಯ ಮುಖ ನೋಡುವ ಮೊದಲೇ ಕೇಸು ಬಿದ್ದುಹೋಗಬಹುದು. ಅದೇ ಸಮ್ಮರಿ ಜಡ್ಜ್‌ಮೆಂಟ್. 'ವಿಚಾರಣೆ ನಡೆಸುವಂಥ ತಕರಾರೇ ಇಲ್ಲಿಲ್ಲ' ಎಂದು ಕಂಪನಿ ವಕೀಲರು ಅರ್ಜಿ ಹಾಕುತ್ತಾರೆ. ಜಡ್ಜ್ ನೋಡುವುದು ಕಾಗದ ಮಾತ್ರ: ಇಮೇಲು, ಅಪ್ರೈಸಲ್, ಪ್ರಮಾಣ ಮಾಡಿ ಕೊಟ್ಟ ಹೇಳಿಕೆ. 'ಅವರು ಬೇಕಂತಲೇ ಮಾಡಿದ್ದು, ನಂಗೊತ್ತು' ಅಂದರೆ ನಡೆಯೋದಿಲ್ಲ.

ನ್ಯಾಶ್‌ವಿಲ್‌ನ ಕ್ರಾಫರ್ಡ್ ಕೇಸು ಕೇಳಿ. ಕ್ರಾಫರ್ಡ್ ಎಂಬಾಕೆ ಅಲ್ಲಿನ ಸ್ಥಳೀಯ ಸರ್ಕಾರದಲ್ಲಿ 30 ವರ್ಷ ದುಡಿದವರು. 2002ರಲ್ಲಿ ಶಾಲಾ ಇಲಾಖೆಯ ಅಧಿಕಾರಿಯೊಬ್ಬನ ಮೇಲೆ ಲೈಂಗಿಕ ಕಿರುಕುಳದ ಗುಸುಗುಸು ಎದ್ದಿತು. ಎಚ್‌ಆರ್‌ನವರು ಈಕೆಯನ್ನು ಕರೆದು, ನೀವೇನಾದರೂ ಕಂಡಿದ್ದೀರಾ ಎಂದು ಕೇಳಿದರು. ಆಕೆ ಮುಚ್ಚುಮರೆ ಮಾಡಲಿಲ್ಲ. ಅವನು ತನ್ನ ಆಫೀಸಿಗೇ ನುಗ್ಗಿ ತಲೆ ಹಿಡಿದು ಎಳೆದದ್ದನ್ನೂ ಹೇಳಿದರು. ಅವನಿಗೆ ಏನೂ ಆಗಲಿಲ್ಲ. ಕೆಲಸ ಹೋಗಿದ್ದು ಈಕೆಯದು! ಹಣ ನುಂಗಿದ್ದಾರೆ ಎಂಬ ಆರೋಪ ಬೇರೆ. ಕೆಳಗಿನ ಕೋರ್ಟು ಸಮ್ಮರಿ ಜಡ್ಜ್‌ಮೆಂಟ್ ಕೊಟ್ಟು ಕೇಸು ಮುಗಿಸಿತು. ಕಾರಣ? ಆಕೆ ತಾನಾಗಿ ದೂರು ಕೊಡಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಎಂಥ ಅನ್ಯಾಯ, ಅಲ್ವಾ? ಮೇಲ್ಮನವಿ ಕೋರ್ಟೂ ಹೂಂ ಅಂದಿತು. ಆದರೆ ಎಚ್‌ಆರ್ ಮುಂದೆ ಆಕೆ ಏನೇನು ಹೇಳಿದರು ಎನ್ನುವುದು ದಾಖಲೆಯಲ್ಲಿತ್ತು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ಕೇಳಿದಾಗ ಸತ್ಯ ಹೇಳುವುದೂ ಕಾಯ್ದೆ ಕಾಪಾಡುವ ಪ್ರತಿಭಟನೆಯೇ. ಮರುವರ್ಷ ಜ್ಯೂರಿ ಆಕೆಯ ಪರ ನಿಂತಿತು.

ಸಮಯ ಆಗ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ತೆಗೆದಿದ್ದಕ್ಕೆ ಕಂಪನಿ ಏನೋ ಒಂದು ಕಾರಣ ಕೊಟ್ಟೇ ಕೊಡುತ್ತದೆ. ಅದು ನೆಪ ಎಂದು ನೀವು ತೋರಿಸಬೇಕು. ಸೇಡಿನ ಕೇಸಿನಲ್ಲಿ 2013ರಿಂದ ಇನ್ನೂ ಕಷ್ಟ: ದೂರು ಕೊಡದಿದ್ದರೆ ಕೆಲಸ ಹೋಗುತ್ತಲೇ ಇರಲಿಲ್ಲ ಎಂದೇ ತೋರಿಸಬೇಕು. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಕಾಗದ! ಇವತ್ತು ರಾತ್ರಿಯೇ ಕೂತು ತಾರೀಖು ಸಮೇತ ಬರೆದಿಡಿ. ಯಾರು ಏನಂದರು, ಪಕ್ಕದಲ್ಲಿ ಯಾರಿದ್ದರು, ಎಲ್ಲ. ಮೊದಲ ದೂರು ಹೋಗಬೇಕಾದ್ದು ಇಇಒಸಿಗೆ, ಅಂದರೆ ಕೆಲಸದಲ್ಲಿನ ತಾರತಮ್ಯದ ದೂರು ನೋಡುವ ಫೆಡರಲ್ ಆಯೋಗಕ್ಕೆ. ಗಡುವು 180 ದಿನ, ಹೆಚ್ಚಿನ ರಾಜ್ಯಗಳಲ್ಲಿ 300. ಕೇಸು ಹಾಕಬಹುದು ಎಂಬ ಪತ್ರ ಅಲ್ಲಿಂದ ಕೈಗೆ ಬಂದ ಮೇಲೆ ಕೋರ್ಟಿಗೆ ಹೋಗಲು 90 ದಿನ ಮಾತ್ರ.